ಗೋದಾವರಿಗೆ ಅಣೆ ಕಟ್ಟಿದ ದಂಡಿನ ಇಂಜಿನಿಯರು

ಸೇತುವೆಗೆ ಹೆಸರಿಡುವ ಪದ್ಧತಿ ನಮ್ಮ ದೇಶದಲ್ಲಿ ಹಳೆಯದು. ಆದರೆ ಯಾರ ಹೆಸರನ್ನಿಡಬೇಕೆಂಬ ವಿಷಯದಲ್ಲಿ ಅಧಿಕಾರದಲ್ಲಿದ್ದವರ ಮಾತೇ ಬಹುಕಾಲ ನಡೆದುಬಂದಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆಯನ್ನು ಕಟ್ಟಿಸಿದವರು ದಿವಾನ್ ಪೂರ್ಣಯ್ಯನವರು. ೧೮೦೪ರಲ್ಲಿ ಮುಗಿದ ಆ ಸೇತುವೆಗೆ ಬಂದ ಹೆಸರು ಅಂದಿನ ಗವರ್ನರ್ ಜನರಲ್ ವೆಲ್ಲೆಸ್ಲಿಯವರದು. ರಾಜಮಹೇಂದ್ರಿಯಲ್ಲಿ ಗೋದಾವರಿಗೆ ಅಡ್ಡಲಾಗಿ ೧೯೦೦ರಲ್ಲಿ ತೆರೆದ ರೈಲು ಸೇತುವೆಗೆ ಆಗಿನ ಮದ್ರಾಸಿನ ಗವರ್ನರ್ ಹ್ಯಾವ್‌ಲಾಕರ ಹೆಸರು ಬಂದಿತು. ಸೇತುವೆ ಮುಗಿಯುವ ಹೊತ್ತಿಗೆ ಅವರು ಆ ಕುರ್ಚಿಯಲ್ಲಿದ್ದರು, ಅಷ್ಟೆ. ಹೋಟೆಲಿನ ಬೋರ್ಡಿನ ಮೇಲೆ ಯಜಮಾನನ ಹೆಸರಿರುತ್ತದೆ; ಒಲೆಯ ಮುಂದೆ ಬೆವರು ಸುರಿಸುವ ಭಟ್ಟರ ಹೆಸರು ಗಿರಾಕಿಗೆ ತಿಳಿಯುವುದಿಲ್ಲ. ಈ ಲೋಕರೂಢಿ ನಮ್ಮ ವಾಚಕರಿಗೆ ಹೊಸದಲ್ಲ.

ಆದರೆ ಅದೇ ರಾಜಮಹೇಂದ್ರಿಯಿಂದ ನಾಲ್ಕು ಮೈಲಿ ಕೆಳಗೆ, ಧವಳೇಶ್ವರದಲ್ಲಿ, ಅದೇ ಗೋದಾವರಿಯ ಮೇಲೆ ಇನ್ನೊಂದು ಕಟ್ಟಡವಿದೆ. ಅದಕ್ಕೆ ೧೭೫ ಬಾಗಿಲುಗಳು. ಬಾಗಿಲುಗಳ ಮೇಲೆ ರಸ್ತೆ. ನದಿಯ ಎರಡು ದಡಗಳ ಜನರಿಗೆ ಅದು ಸೇತುವೆ. ಕೆಳಗಿನ ಬಯಲಿನ ರೈತರಿಗೆ ಅದೇ ನೀರಿನ ಕೀಲಿಕೈ. ೧೯೮೨ರಲ್ಲಿ ಮುಗಿದ ಆ ಬ್ಯಾರೇಜಿಗೆ ಸ್ವತಂತ್ರ ಭಾರತದ ಜನರು ಇಟ್ಟುದು ಒಬ್ಬ ಆಂಗ್ಲನ ಹೆಸರು. ಆತನು ತೀರಿಕೊಂಡು ಆಗ ಎಂಬತ್ತು ವರ್ಷಗಳಿಗೂ ಮೇಲಾಗಿತ್ತು. ಆತನನ್ನು ಹೊಗಳಿದರೆ ಯಾರಿಗೂ ಬಡ್ತಿ ದೊರೆಯುವಂತಿರಲಿಲ್ಲ, ಹೊಗಳದಿದ್ದರೆ ಯಾರ ನೌಕರಿಯೂ ಹೋಗುವಂತಿರಲಿಲ್ಲ. ಆದರೂ ಆ ಹೆಸರೇ ನಿಂತಿತು. ದಂಡಿನಲ್ಲಿ ದುಡಿದು, ಬಳಿಕ ನದಿಗಳಲ್ಲಿ ದುಡಿದ ಆ ಸರ್ ಆರ್ಥರ್ ಕಾಟನ್ನರ ಜೀವನವನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ದಂಡಿನಿಂದ ನೀರಿಗೆ

ಕಾಟನ್ನರು ಹುಟ್ಟಿದ್ದು ೧೮೦೩ನೆಯ ಇಸವಿಯ ಮೇ ೧೫ರಂದು, ಇಂಗ್ಲೆಂಡಿನಲ್ಲಿ. ಹನ್ನೊಂದು ಮಂದಿ ಗಂಡುಮಕ್ಕಳಲ್ಲಿ ಅವರು ಹತ್ತನೆಯವರು. ಹದಿನೈದನೆಯ ವಯಸ್ಸಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ತನ್ನ ದಂಡಿನ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಅಡಿಸ್ಕೋಂಬ್ ಶಾಲೆಯನ್ನು ಸೇರಿದರು. ೧೮೧೯ರಲ್ಲಿ ಮದ್ರಾಸು ಇಂಜಿನಿಯರರ ದಳದಲ್ಲಿ ಅವರಿಗೆ ಕೆಲಸವಾಯಿತು. ೧೮೨೧ರಲ್ಲಿ ಮದ್ರಾಸಿನ ದಡದಲ್ಲಿ ಇಳಿದಾಗ ಅವರಿಗೆ ಹದಿನೆಂಟು ವರ್ಷ. ನಮ್ಮ ಹುಡುಗರು ಕುಂದಾಪುರದಿಂದಲೋ ಉಡುಪಿಯಿಂದಲೋ ಒಂದು ಟ್ರಂಕು ಹಿಡಿದು ಪರವೂರಿಗೆ ಹೊರಡುವ ವಯಸ್ಸೂ ಅದೇ.

ಮೊದಲು ಅವರಿಗೆ ದೊರೆತುದು ದಕ್ಷಿಣದ ಜಿಲ್ಲೆಗಳ ಕೆರೆಕಟ್ಟೆಗಳ ಕೆಲಸ. ಅಷ್ಟರಲ್ಲಿ ೧೮೨೪ರಲ್ಲಿ ಬರ್ಮಾದ ಮೊದಲ ಯುದ್ಧ ಆರಂಭವಾಯಿತು. ತರುಣ ಕಾಟನ್ನರು ಅಲ್ಲಿಗೆ ಹೋಗಿ, ಕೋಟೆಗಳಿಗೆ ಲಗ್ಗೆಯಿಡುವ ತಂಡಗಳಿಗೆ ಮುಂದಾಳಾಗಿ ನಿಂತರು. ೧೮೨೬ರಲ್ಲಿ ಯುದ್ಧ ಮುಗಿಯಿತು. ಅವರು ಪುನಃ ನೀರಿನ ಕೆಲಸಕ್ಕೇ ಮರಳಿದರು. ದಂಡಿನಲ್ಲಿ ಮೇಲೇರುತ್ತ ಮುಂದೆ ಅವರು ಜನರಲ್ ಎಂಬ ಪದವಿಯನ್ನೂ ಪಡೆದರು. ಆದರೆ ಆ ಪದವಿಯಿಂದ ಅವರನ್ನು ನೆನೆಯುವವರು ಇಂದು ಯಾರೂ ಇಲ್ಲ.

೧೮೨೮ರಲ್ಲಿ ಅವರಿಗೆ ಕಾವೇರಿಯ ಕೆಲಸವನ್ನು ವಹಿಸಲಾಯಿತು. ಕೊಡಗಿನಿಂದ ಹರಿದು ಬರುವ ನಮ್ಮ ಕಾವೇರಿಯು ತಿರುಚಿನಾಪಳ್ಳಿಯ ಬಳಿ ಎರಡು ಕವಲಾಗುತ್ತಾಳೆ. ಒಂದು ಕಾವೇರಿ, ಇನ್ನೊಂದು ಕೊಳ್ಳಿಡಂ. ಕೊಳ್ಳಿಡಂ ತಗ್ಗಿನಲ್ಲಿರುವುದರಿಂದ ನೀರೆಲ್ಲ ಅದರ ಪಾಲಾಗಿ ಸಮುದ್ರವನ್ನು ಸೇರತೊಡಗಿತ್ತು. ಕಾವೇರಿಯ ಕವಲು ಹೂಳು ತುಂಬಿ, ತಂಜಾವೂರಿನ ಗದ್ದೆಗಳು ಒಣಗತೊಡಗಿದ್ದವು. ಅಲ್ಲಿ ಚೋಳರ ಕಾಲದ ಕಲ್ಲಣೆಯೊಂದಿದೆ. ಕರಿಕಾಲ ಚೋಳನು ಕಟ್ಟಿಸಿದನೆಂದು ಪ್ರತೀತಿ. ಮರಳಿನ ನದಿಯಲ್ಲಿ ಬಂಡೆಯ ಆಸರೆಯಿಲ್ಲದೆ ಅದು ಸಾವಿರಕ್ಕೂ ಹೆಚ್ಚು ವರ್ಷ ನಿಂತಿರುವುದನ್ನು ಕಂಡು ಕಾಟನ್ನರು ಬೆರಗಾದರು. ಕಲ್ಲು ಮರಳಿನಲ್ಲಿ ಇಳಿಯುವಷ್ಟು ಇಳಿಯಲಿ, ಮೇಲೆ ಮತ್ತೆ ಕಲ್ಲು ಹಾಕುತ್ತಾ ಹೋದರೆ ಒಂದು ಹಂತದಲ್ಲಿ ಅದು ಕದಲದೆ ನಿಲ್ಲುತ್ತದೆ ಎಂಬ ಯುಕ್ತಿ ಅದರಲ್ಲಿತ್ತು. ಮರಳಿನಲ್ಲಿ ಅಸ್ತಿಭಾರ ಹಾಕುವ ವಿದ್ಯೆಯನ್ನು ತಾವು ಈ ದೇಶದ ಹಿಂದಿನವರಿಂದ ಕಲಿತುದಾಗಿ ಅವರು ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಆಳುವ ಜಾತಿಯವನೆಂಬ ಬಿಗುಮಾನ ತುಂಬಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಇಂಗ್ಲಿಷಿನಲ್ಲಿ ಅಣೆಕಟ್ಟಿಗೆ ಬಂದ ‘ಅನಿಕಟ್’ ಎಂಬ ಪದವೂ ದಕ್ಷಿಣದ ನಮ್ಮ ಮಾತೇ.

ಆ ವಿದ್ಯೆಯನ್ನು ಬಳಸಿ ೧೮೩೬ರಲ್ಲಿ ಅವರು ಕೊಳ್ಳಿಡಂಗೆ ಮೇಲೊಂದು, ಕೆಳಗೊಂದು ಅಣೆ ಕಟ್ಟಿಸಿದರು. ತಂಜಾವೂರಿಗೆ ನೀರು ಮರಳಿತು. ಅದೇ ಕಾಲದಲ್ಲಿ ಮದ್ರಾಸಿನ ಸಮೀಪದ ರೆಡ್ ಹಿಲ್ಸ್‌ನಿಂದ ರಸ್ತೆಗೆ ಕಲ್ಲು ಸಾಗಿಸಲು ಕಬ್ಬಿಣದ ಹಳಿ ಹಾಕಿಸಿದವರೂ ಇವರೇ. ಬೊಂಬಾಯಿಯಿಂದ ಠಾಣೆಗೆ ಪ್ರಯಾಣಿಕರ ರೈಲು ಓಡುವುದಕ್ಕೆ ಇನ್ನೂ ಹದಿನೈದು ವರ್ಷಗಳಿಗೂ ಮೇಲಿತ್ತು. ಮುಂದೆ ರೈಲ್ವೆಯವರೊಡನೆ ಜೀವನವಿಡೀ ಜಗಳವಾಡಿದ ಮನುಷ್ಯನು ಈ ದೇಶದಲ್ಲಿ ಹಳಿ ಹಾಕಿಸಿದವರಲ್ಲಿ ಮೊದಲಿಗನೆಂಬುದು ವಿಚಿತ್ರ.

ಈ ದುಡಿಮೆಯಿಂದ ಅವರ ಆರೋಗ್ಯ ಕೆಟ್ಟಿತು. ವಿಶ್ರಾಂತಿಗಾಗಿ ಆಸ್ಟ್ರೇಲಿಯದ ಕಡೆಗೆ ಹೋದರು. ಅಲ್ಲಿ ಟಾಸ್ಮೇನಿಯದಲ್ಲಿ ೧೮೪೧ರಲ್ಲಿ ಎಲಿಜಬೆತ್ ಲೇರ್ಮಂತ್ ಎಂಬವರನ್ನು ಮದುವೆಯಾಗಿ, ಸಂಸಾರ ಸಮೇತರಾಗಿ ಭಾರತಕ್ಕೆ ಮರಳಿದರು.

ನೀರಿದ್ದೂ ಬರ

ಗೋದಾವರಿಯು ನಾಸಿಕದ ಬಳಿಯ ತ್ರ್ಯಂಬಕದಲ್ಲಿ ಹುಟ್ಟಿ, ಇಡೀ ದಖ್ಖನವನ್ನು ದಾಟಿ, ಬಂಗಾಲ ಕೊಲ್ಲಿಯನ್ನು ಸೇರುತ್ತಾಳೆ. ದಕ್ಷಿಣದ ನದಿಗಳಲ್ಲಿ ಅಷ್ಟು ಉದ್ದದ ನದಿ ಬೇರೊಂದಿಲ್ಲ. ಆದರೂ ಆಕೆಯ ಮುಖಜ ಭೂಮಿಯ ಜನರು ನೀರಿಲ್ಲದೆ ಸಾಯುತ್ತಿದ್ದರು. ಮಳೆಗಾಲದಲ್ಲಿ ಪ್ರವಾಹ ಬಂದು ಬೆಳೆ ಕೊಚ್ಚಿಕೊಂಡು ಹೋಗುವುದು; ಮಳೆ ತಪ್ಪಿದ ವರ್ಷ ನದಿಯ ನೀರು ಹೊಲದ ಮಟ್ಟಕ್ಕೆ ಏರದೆ ಕಣ್ಣೆದುರಿಗೇ ಸಮುದ್ರಕ್ಕೆ ಹೋಗುವುದು. ೧೮೩೨–೩೩ರ ಕ್ಷಾಮದಲ್ಲಿ ನೆರೆಯ ಗುಂಟೂರು ಜಿಲ್ಲೆಯಲ್ಲಿ ಲಕ್ಷಗಟ್ಟಲೆ ಜನ ಅಳಿದರು. ೧೮೩೯ರಲ್ಲಿ ಚಂಡಮಾರುತವೊಂದು ಕೋರಂಗಿಯ ಬಂದರನ್ನು ನೀರುಪಾಲು ಮಾಡಿತು. ರಾಜಮಹೇಂದ್ರಿ ಜಿಲ್ಲೆಯಲ್ಲಿ ೧೮೨೧ರಲ್ಲಿ ಏಳು ಲಕ್ಷಕ್ಕೂ ಮೀರಿದ್ದ ಜನಸಂಖ್ಯೆಯು ೧೮೪೧ರ ಹೊತ್ತಿಗೆ ಆರು ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. ಇಪ್ಪತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜಿಲ್ಲೆ ಕರಗಿಹೋಗಿತ್ತು.

ಕಾಟನ್ನರು ಈ ಸೀಮೆಯನ್ನು ಅಳೆದು, ನೋಡಿ, ೧೮೪೪ರ ಸುಮಾರಿಗೆ ತಮ್ಮ ವರದಿಯನ್ನು ಒಪ್ಪಿಸಿದರು. ತಂಜಾವೂರಿಗೂ ಈ ಸೀಮೆಗೂ ಮಣ್ಣಿನಲ್ಲಿ ಭೇದವಿಲ್ಲ. ಅಲ್ಲಿ ಅಣೆಯುಂಟು, ಇಲ್ಲಿ ಇಲ್ಲ. ಅಲ್ಲಿ ಅನ್ನವುಂಟು, ಇಲ್ಲಿ ಇಲ್ಲ ಎಂಬುದು ಅದರ ಸಾರ. ಕಂಪೆನಿಯವರು ಹಣ ಮಂಜೂರು ಮಾಡಿದುದು ದಯೆಯೊಂದರಿಂದಲೇ ಎಂದು ನಾವು ಹೇಳಲಾರೆವು. ಜನ ಸತ್ತರೆ ಕಂದಾಯ ಕೊಡುವವರಾರು? ಜಿಲ್ಲೆಯ ವಸೂಲಿ ಬಿದ್ದುಹೋಗಿತ್ತು. ಕಾಟನ್ನರಿಗೂ ಇದು ತಿಳಿದಿತ್ತು. ಹಾಕಿದ ಹಣ ಬಡ್ಡಿಸಹಿತ ಬರುವುದೆಂದು ಲೆಕ್ಕ ತೋರಿಸಿಯೇ ಅವರು ಮೇಲಿನವರನ್ನು ಒಪ್ಪಿಸಬೇಕಾಯಿತು. ೧೮೪೬ರ ಕೊನೆಯಲ್ಲಿ ಮಂಜೂರಾತಿ ಬಂದಿತು. ೧೮೪೭ರಲ್ಲಿ ಕೆಲಸ ಆರಂಭವಾಯಿತು.

ಐದು ವರ್ಷಗಳ ದುಡಿಮೆ

ಧವಳೇಶ್ವರದ ಬಳಿ ನದಿಯ ಪಾತ್ರ ಸುಮಾರು ನಾಲ್ಕು ಮೈಲಿ ಅಗಲ. ನಡುವೆ ಲಂಕೆಗಳೆಂದು ಕರೆಯುವ ದ್ವೀಪಗಳು ಬಂದು ನೀರನ್ನು ನಾಲ್ಕು ಪಾಲು ಮಾಡುತ್ತವೆ. ಆದುದರಿಂದ ಧವಳೇಶ್ವರ, ರ್‍ಯಾಲಿ, ಮದ್ದೂರು, ವಿಜ್ಜೇಶ್ವರ ಎಂಬ ನಾಲ್ಕು ತುಂಡುಗಳಾಗಿ ಅಣೆಯನ್ನು ಕಟ್ಟಬೇಕಾಯಿತು. ನಾಲ್ಕೂ ಸೇರಿ ಕಲ್ಲಿನ ಕಟ್ಟಡದ ಉದ್ದ ಎರಡೂಕಾಲು ಮೈಲಿ. ಎತ್ತರ ಮಾತ್ರ ಹೆಚ್ಚಿಲ್ಲ, ಸುಮಾರು ಹನ್ನೆರಡು ಅಡಿ. ನೀರನ್ನು ಕೂಡಿಡುವುದು ಇದರ ಉದ್ದೇಶವಲ್ಲ. ನದಿಯ ಮಟ್ಟವನ್ನು ಅಷ್ಟು ಎತ್ತಿದರೆ ಸಾಕು, ನೀರು ತಾನಾಗಿಯೇ ಪಕ್ಕದ ಕಾಲುವೆಗಳ ಬಾಯಿಗೆ ಬರುತ್ತದೆ. ಹೆಚ್ಚಾದುದು ಮೇಲಿನಿಂದ ಉಕ್ಕಿ ಹೋಗುತ್ತದೆ. ಅಡಿಯಲ್ಲಿ ಬಂಡೆಯಿಲ್ಲ, ಮರಳು. ಮರಳಿನಲ್ಲಿ ಸಾಲಾಗಿ ಬಾವಿಗಳನ್ನು ಇಳಿಸಿ, ಅವನ್ನು ತುಂಬಿ, ಅದರ ಮೇಲೆ ಗೋಡೆಯೆಬ್ಬಿಸಿ, ಕೆಳಮಗ್ಗುಲಿಗೆ ರಾಶಿ ರಾಶಿ ಕಲ್ಲು ಸುರಿದರು. ಸಮೀಪದ ಗುಡ್ಡಗಳಿಂದ ಕಲ್ಲು ತರಲು ಹಳಿ ಹಾಕಿದರು.

ಸಾವಿರಾರು ಜನ ಕೂಲಿಗಳು ಅಲ್ಲಿ ದುಡಿದರು. ಬೇಸಗೆಯಲ್ಲಿ ನೀರು ಇಳಿದಾಗ ಮಾತ್ರ ಪಾತ್ರದಲ್ಲಿ ಕೆಲಸ ಸಾಧ್ಯ. ಆಗಿನ ಆ ಸೀಮೆಯ ಬಿಸಿಲು ಎಂಥದೆಂಬುದು ವಿಜಯವಾಡದಲ್ಲಿಯೋ ರಾಜಮಹೇಂದ್ರಿಯಲ್ಲಿಯೋ ಒಲೆಯ ಬಳಿ ನಿಂತ ನಮ್ಮವರಿಗೆ ಗೊತ್ತು. ಬಿಸಿಲಿನಲ್ಲಿ ಬೆಂದು ಕಾಟನ್ನರು ೧೮೪೮ರಲ್ಲಿ ಹಾಸಿಗೆ ಹಿಡಿದು, ರಜೆಯ ಮೇಲೆ ಹೋಗಬೇಕಾಯಿತು. ಅವರಿಲ್ಲದಾಗ ಕ್ಯಾಪ್ಟನ್ ಓರ್ ಎಂಬವರು ಕೆಲಸವನ್ನು ನಡೆಸಿದರು. ೧೮೫೦ರಲ್ಲಿ ಕಾಟನ್ನರು ಮರಳಿ ಬಂದರು. ೧೮೫೨ರಲ್ಲಿ ಅಣೆ ಮುಗಿಯಿತು.

ಅಣೆಯ ಕೆಲಸದಲ್ಲಿ ವೀಣಂ ವೀರಣ್ಣ ಎಂಬ ತೆಲುಗರೊಬ್ಬರ ಹೆಸರು ಸ್ಮರಣೀಯವಾದುದು. ಪರದೇಶದ ಅಧಿಕಾರಿಗಳಿಗೂ ಸ್ಥಳದ ಕೂಲಿಗಳಿಗೂ ನಡುವೆ ನಿಂತು, ಕೆಲಸವನ್ನು ಕಲಿತು, ಮುಂದೆ ತಾವೂ ಇಂಜಿನಿಯರರ ಸಾಲಿಗೆ ಏರಿದವರು ಅವರು. ಧವಳೇಶ್ವರದಲ್ಲಿ ಅವರ ನೆನಪಿಗಾಗಿ ಶಿಲಾಲೇಖವಿದೆ. ನಡುವೆ ನಿಲ್ಲುವವನ ಕಷ್ಟ ಮ್ಯಾನೇಜರನ ಮೇಜಿಗೂ ಅಡಿಗೆಮನೆಗೂ ಮಧ್ಯೆ ಓಡಾಡಿದವನಿಗೆ ತಿಳಿಯುತ್ತದೆ. ಇತ್ತ ಯಜಮಾನನ ಸಿಟ್ಟು, ಅತ್ತ ಆಳಿನ ಹಸಿವು. ಎರಡನ್ನೂ ಸಹಿಸಿ ಕೆಲಸ ಕೆಡದಂತೆ ನೋಡಬೇಕು.

ನೀರಿಗೂ ಒಂದು ಸೇತುವೆ

ಅಣೆಯಿಂದ ಹೊರಟ ಕಾಲುವೆಯ ನೀರು ನಾಗರಂ ಎಂಬ ದ್ವೀಪಕ್ಕೆ ಹೋಗಬೇಕಾದರೆ ನಡುವೆ ಗೋದಾವರಿಯದೇ ಒಂದು ಕವಲು ಅಡ್ಡ ಬರುತ್ತದೆ. ನದಿಯ ಮೇಲೆ ನೀರನ್ನು ದಾಟಿಸುವುದು ಹೇಗೆ? ಗನ್ನವರದಲ್ಲಿ ೪೯ ಕಮಾನುಗಳ ಸೇತುವೆಯನ್ನು ಕಟ್ಟಿ, ಅದರ ಮೇಲೆ ಕಾಲುವೆಯನ್ನೇ ಹರಿಸಿದರು. ಕೆಳಗೆ ನದಿ, ಮೇಲೆ ಕಾಲುವೆ. ಹೇಗ್ ಎಂಬ ತರುಣ ಅಧಿಕಾರಿ ವೀರಣ್ಣನವರ ನೆರವಿನಿಂದ ಇದನ್ನು ಕಟ್ಟಿದರು.

ಹಳೆಯ ಕಮಾನುಗಳು ಸವೆದ ಮೇಲೆ ಅದರ ಪಕ್ಕದಲ್ಲಿ ಹೊಸ ನೀರ್ಸೇತುವೆಯಾಯಿತು. ಅದಕ್ಕಿಟ್ಟ ಹೆಸರನ್ನು ಕೇಳಿದರೆ ನಮ್ಮ ಹೋಟೆಲು ಬಂಧುಗಳಿಗೆ ಸಂತೋಷವಾದೀತು. ಅದು ಯಾವ ಇಂಜಿನಿಯರನ ಹೆಸರೂ ಅಲ್ಲ, ಮಂತ್ರಿಯ ಹೆಸರೂ ಅಲ್ಲ. ಡೊಕ್ಕಾ ಸೀತಮ್ಮ ಎಂಬ ಗೃಹಿಣಿಯ ಹೆಸರು. ಆ ಸೀಮೆಯ ಲಂಕೆಯ ಗನ್ನವರದಲ್ಲಿ ಬಾಳಿ ೧೯೦೯ರಲ್ಲಿ ತೀರಿಕೊಂಡ ಆ ತಾಯಿ, ನದಿ ದಾಟಿ ಹಸಿದು ಬಂದವರಿಗೆ ಹೊತ್ತು ಗೊತ್ತು ನೋಡದೆ, ಜಾತಿ ಕೇಳದೆ ಅನ್ನ ಬಡಿಸಿದವರು. ಕಾಟನ್ನರು ಅಕ್ಕಿ ಬೆಳೆಯುವಂತೆ ಮಾಡಿದರು. ಸೀತಮ್ಮನವರು ಅದನ್ನು ಬೇಯಿಸಿ ಬಡಿಸಿದರು. ಇಬ್ಬರ ಹೆಸರೂ ಒಂದೇ ನದಿಯ ಮೇಲೆ ಇವೆ.

ಅಣೆಯ ಫಲ ಕಾಣಲು ಹೆಚ್ಚು ಕಾಲ ಹಿಡಿಯಲಿಲ್ಲ. ಮೂರು ದೊಡ್ಡ ಕಾಲುವೆಗಳು ನೀರನ್ನು ಬಯಲಿಗೆ ಒಯ್ದವು. ಅವುಗಳಲ್ಲಿ ದೋಣಿಗಳೂ ಸಾಗಿ, ಭತ್ತವನ್ನು ಕಾಕಿನಾಡದ ಬಂದರಿಗೆ ಮುಟ್ಟಿಸಿದವು. ಕರಗಿಹೋಗುತ್ತಿದ್ದ ಜಿಲ್ಲೆಗೆ ಬೇರೆಡೆಯಿಂದ ಜನ ಬಂದು ನೆಲೆಸತೊಡಗಿದರು. ಇಂದು ಈ ನೀರಿನಿಂದ ಸುಮಾರು ಹತ್ತು ಲಕ್ಷ ಎಕರೆ ನೆನೆಯುತ್ತದೆ. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಗೋದಾವರಿ ಸೀಮೆಯ ಅಕ್ಕಿಮೂಟೆಗಳನ್ನು ನಾವು ಎಷ್ಟೋ ಎಣಿಸಿ ಇಳಿಸಿಕೊಂಡಿದ್ದೇವೆ. ಆ ಮೂಟೆಯ ಹಿಂದೆ ಇಷ್ಟೊಂದು ಕಥೆಯಿದೆಯೆಂದು ಆಗ ಯೋಚಿಸಿರಲಿಲ್ಲ.

ರೈಲಿನೊಡನೆ ಜಗಳ

ಧವಳೇಶ್ವರದ ಬೆನ್ನಿಗೇ ವಿಜಯವಾಡದಲ್ಲಿ ಕೃಷ್ಣಾ ನದಿಗೂ ಅಣೆಯಾಯಿತು. ಓರ್ ಅವರ ಮೇಲ್ವಿಚಾರಣೆಯಲ್ಲಿ ೧೮೫೫ರಲ್ಲಿ ಮುಗಿಯಿತು. ಅದು ೧೯೫೨ರಲ್ಲಿ ಒಡೆದು, ಅದರ ಸ್ಥಾನದಲ್ಲಿ ೧೯೫೭ರಲ್ಲಿ ಮುಗಿದ ಬ್ಯಾರೇಜಿಗೆ ಆಂಧ್ರಕೇಸರಿ ಟಂಗುಟೂರಿ ಪ್ರಕಾಶಂ ಅವರ ಹೆಸರು ಬಂದಿತು.

ಕಾಟನ್ನರಿಗೆ ೧೮೬೧ರಲ್ಲಿ ಸರ್ ಪದವಿ ದೊರೆಯಿತು. ಆದರೆ ಸರ್ಕಾರಕ್ಕೂ ಅವರಿಗೂ ಸರಿಬೀಳಲಿಲ್ಲ. ಸರ್ಕಾರದ ಹಣವೆಲ್ಲ ರೈಲಿಗೆ ಸುರಿಯುತ್ತಿತ್ತು. ಮೊದಲು ನೀರು ಕೊಡಿ, ರೈಲು ಆಮೇಲೆ ಬರಲಿ. ಕಾಲುವೆಯಾದರೆ ಬೆಳೆಯನ್ನೂ ಕೊಡುತ್ತದೆ, ಸರಕನ್ನೂ ಅಗ್ಗವಾಗಿ ಸಾಗಿಸುತ್ತದೆ ಎಂಬುದು ಇವರ ವಾದ. ನದಿನದಿಗಳನ್ನು ಕಾಲುವೆಯಿಂದ ಜೋಡಿಸುವ ದೊಡ್ಡ ಕನಸನ್ನೂ ಕಂಡರು. ದೋಣಿಯ ವಿಷಯದಲ್ಲಿ ಕಾಲವು ಅವರ ಮಾತನ್ನು ನಡೆಸಲಿಲ್ಲ. ಸರಕು ರೈಲಿಗೇ ಹೋಯಿತು. ಆದರೆ ನೀರಿನ ವಿಷಯದಲ್ಲಿ ಅವರ ಎಚ್ಚರಿಕೆ ಎಷ್ಟು ದಿಟವೆಂಬುದನ್ನು ಕನ್ನಡಿಗರು ಬಹಳ ಕಷ್ಟದಿಂದ ತಿಳಿದರು. ೧೮೭೬ರಿಂದ ೧೮೭೮ರ ವರೆಗೆ, ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ, ಮೈಸೂರು, ಬಳ್ಳಾರಿ, ಧಾರವಾಡ, ಬಿಜಾಪುರದ ಸೀಮೆಗಳಲ್ಲಿ ಜನರು ಹುಳುಗಳಂತೆ ಸತ್ತರು. ರೈಲಿನಲ್ಲಿ ಧಾನ್ಯ ಬಂದರೂ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಅದೇ ೧೮೭೮ರಲ್ಲಿ ಲಂಡನ್ನಿನ ಪಾರ್ಲಿಮೆಂಟು ನೇಮಿಸಿದ ಸಮಿತಿಯ ಮುಂದೆ ಎಪ್ಪತ್ತೈದು ವರ್ಷದ ಕಾಟನ್ನರು ನಿಂತು ನೀರಿನ ಪರವಾಗಿ ಸಾಕ್ಷಿ ಹೇಳಿದರು.

ನಮ್ಮ ತುಂಗಭದ್ರೆಗೂ ಅವರಿಗೂ ಸಂಬಂಧವಿದೆ. ೧೮೬೦ರ ಸುಮಾರಿಗೆ ಆ ನದಿಯ ನೀರನ್ನು ತಡೆದು ಬಳ್ಳಾರಿ, ಕರ್ನೂಲು, ಕಡಪೆಗಳ ಒಣಭೂಮಿಗೆ ಹರಿಸುವ ಯೋಜನೆಯನ್ನು ಹಾಕಿದವರು ಅವರು. ಖಾಸಗಿ ಕಂಪೆನಿಯೊಂದು ಸುಂಕೇಸುಲದಿಂದ ಕಾಲುವೆ ತೆಗೆಯಿತು. ಆದರೆ ಕರಿಮಣ್ಣಿನ ರೈತರು ನಿರೀಕ್ಷಿಸಿದಷ್ಟು ನೀರನ್ನು ಕೊಳ್ಳಲಿಲ್ಲ; ಕಂಪೆನಿ ನಷ್ಟಕ್ಕೆ ಬಿದ್ದು, ೧೮೮೨ರಲ್ಲಿ ಸರ್ಕಾರದ ಕೈಸೇರಿತು. ಒಂದು ನದಿಯಲ್ಲಿ ಗೆದ್ದ ಲೆಕ್ಕ ಇನ್ನೊಂದರಲ್ಲಿ ಸೋತಿತು. ಜಲಾಶಯದ ಕನಸು ಮಾತ್ರ ಕಾಗದದ ಮೇಲೆ ಉಳಿದು, ೧೯೪೫ರಲ್ಲಿ ಹೊಸಪೇಟೆಯ ಬಳಿ ಕೆಲಸ ಆರಂಭವಾಗಿ, ೧೯೫೩ರಲ್ಲಿ ಕಾಲುವೆಗೆ ನೀರು ಬಂದಿತು. ಮೊದಲ ಗೆರೆ ಎಳೆದವರಿಗೂ ಮೊದಲ ಬೆಳೆ ಕೊಯ್ದವರಿಗೂ ನಡುವೆ ಸುಮಾರು ನೂರು ವರ್ಷಗಳ ಅಂತರ.

ನಿವೃತ್ತಿಯ ಬಳಿಕ ಕಾಟನ್ನರು ಇಂಗ್ಲೆಂಡಿನ ಡಾರ್ಕಿಂಗ್ ಎಂಬ ಊರಿನಲ್ಲಿ ನೆಲೆಸಿದರು. ಮುಪ್ಪಿನಲ್ಲಿಯೂ ಮನೆಯ ತೋಟದಲ್ಲಿ ನೆಲವನ್ನು ಆಳವಾಗಿ ಅಗೆದು ಗೋಧಿ ಬೆಳೆಯುವ ಪ್ರಯೋಗ ಮಾಡುತ್ತಿದ್ದರು. ೧೮೯೯ರ ಜುಲೈ ೨೪ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಆ ವೇಳೆಗೆ ರಾಜಮಹೇಂದ್ರಿಯಲ್ಲಿ ರೈಲಿನವರ ಸೇತುವೆಯ ಕಂಬಗಳು ಗೋದಾವರಿಯಲ್ಲಿ ಏಳುತ್ತಿದ್ದವು.

ಹೆಸರು ನಿಂತ ಬಗೆ

ಹ್ಯಾವ್‌ಲಾಕರ ಆ ರೈಲು ಸೇತುವೆ ೧೯೯೭ರ ವರೆಗೆ ದುಡಿದು ನಿವೃತ್ತವಾಯಿತು. ಕಾಟನ್ನರ ಹಳೆಯ ಅಣೆಯೂ ನೂರು ವರ್ಷ ದಾಟಿ ಸವೆದಿತ್ತು. ೧೯೭೦ರ ದಶಕದಲ್ಲಿ ಹೊಸ ಬ್ಯಾರೇಜಿನ ಕೆಲಸ ನಡೆಯಿತು. ಹಳೆಯದರಂತೆ ಅದೂ ನಾಲ್ಕು ತುಂಡು. ಅದು ಮುಗಿದ ನಾಲ್ಕನೆಯ ವರ್ಷವೇ, ೧೯೮೬ರ ಆಗಸ್ಟಿನಲ್ಲಿ, ಗೋದಾವರಿಗೆ ಹಿಂದೆಂದೂ ಲೆಕ್ಕಕ್ಕೆ ಸಿಗದಷ್ಟು ದೊಡ್ಡ ಪ್ರವಾಹ ಬಂದಿತು. ಬ್ಯಾರೇಜು ನಿಂತಿತು.

ಹೊಸ ಕಟ್ಟಡಕ್ಕೆ ಹೊಸಬರ ಹೆಸರಿಡಲು ಅಡ್ಡಿಯಿರಲಿಲ್ಲ. ಇಂಗ್ಲಿಷರ ಹೆಸರುಗಳನ್ನು ನಾವು ಊರೂರಲ್ಲಿ ಬದಲಿಸಿದ್ದೇವೆ, ಬದಲಿಸಿದುದರಲ್ಲಿ ತಪ್ಪಿಲ್ಲ. ಆದರೆ ಈ ಹೆಸರು ಕಲ್ಲಿನಲ್ಲಿ ಕೆತ್ತುವುದಕ್ಕೂ ಮೊದಲೇ ಜನರ ಬಾಯಲ್ಲಿತ್ತು. ಗೋದಾವರಿಯಲ್ಲಿ ಸ್ನಾನ ಮಾಡುವಾಗ ಕಾಟನ್ನರನ್ನು ನೆನೆಯುವ ಸಂಸ್ಕೃತ ಶ್ಲೋಕವನ್ನು ಆ ಕಡೆಯ ವೈದಿಕರು ಹೇಳುವುದುಂಟು. ಮ್ಲೇಚ್ಛನೆಂದು ದೂರವಿಡಬೇಕಾಗಿದ್ದವನನ್ನು ಸಂಕಲ್ಪದಲ್ಲಿ ಸೇರಿಸಿಕೊಂಡರೆ ಅದಕ್ಕಿಂತ ದೊಡ್ಡ ಬಿರುದು ಯಾವುದಿದೆ? ಅವರ ಹುಟ್ಟುಹಬ್ಬದ ದಿನ ರೈತರು ಹೂಮಾಲೆ ಹಾಕುತ್ತಾರೆ. ಧವಳೇಶ್ವರದಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. ಹೈದರಾಬಾದಿನ ನಮ್ಮ ವಾಚಕರು ಟ್ಯಾಂಕ್ ಬಂಡಿನ ಮೇಲೆ ಸಂಜೆ ತಿರುಗಾಡಲು ಹೋದಾಗ, ಸಾಲುಪ್ರತಿಮೆಗಳ ನಡುವೆ ಕಾಟನ್ನರದನ್ನೂ ಕಾಣಬಹುದು.

ನಮ್ಮವರ ಸಂಘಗಳ ಸಭೆಗಳಲ್ಲಿಯೂ ಈ ರಸ್ತೆಗೆ, ಆ ಚೌಕಕ್ಕೆ, ಇನ್ನೊಂದು ಸೇತುವೆಗೆ ಇಂಥವರ ಹೆಸರಿಡಬೇಕೆಂಬ ಠರಾವುಗಳು ಆಗಾಗ ಬರುತ್ತವೆ. ಕೈಯೆತ್ತುವ ಮೊದಲು ಸದಸ್ಯರು ಗೋದಾವರಿಯ ಈ ಎರಡು ಸೇತುವೆಗಳನ್ನು ನೆನೆಯಬೇಕೆಂದು ನಮ್ಮ ವಿನಂತಿ. ಆ ನೀರಿಗೆ, ಆ ನೆಲಕ್ಕೆ ಆ ಮನುಷ್ಯನು ಮಾಡಿದುದೇನು? ಅವನ ಅಧಿಕಾರ ಹೋದ ಮೇಲೂ, ಅವನು ಸತ್ತ ಮೇಲೂ ಆ ಕೆಲಸ ಯಾರ ತಟ್ಟೆಗಾದರೂ ಅನ್ನ ತರುತ್ತಿದೆಯೆ? ಉತ್ತರ ಹೌದೆಂದಾದರೆ ಅವನು ಯಾವ ದೇಶದವನು, ಯಾವ ಭಾಷೆಯವನು ಎಂದು ಕೇಳಬೇಕಾಗಿಲ್ಲ. ಹಾಗೆಯೇ, ಶ್ರೀರಂಗಪಟ್ಟಣದ ಹಳೆಯ ಸೇತುವೆಯನ್ನು ನೋಡಲು ಹೋದವರು ವೆಲ್ಲೆಸ್ಲಿಯ ಹೆಸರನ್ನು ಓದಿ ಸುಮ್ಮನೆ ಹಿಂದಿರುಗದೆ, ಜತೆಗಿರುವ ಮಕ್ಕಳಿಗೆ ಪೂರ್ಣಯ್ಯನವರ ಹೆಸರನ್ನೂ, ಹೆಸರೇ ಉಳಿಯದ ಕಲ್ಲುಕುಟಿಗರ ವಿಷಯವನ್ನೂ ಹೇಳಲಿ. ಅದಕ್ಕೆ ಯಾವ ಠರಾವೂ ಬೇಕಾಗುವುದಿಲ್ಲ.